ಸಂತೆ ದಿನದ ಮೀಟಿಂಗು

ಹನೂರಿನ ಸಂತೆ ಮಾಳದ ಹಿಂದೆ ನಮಗೊಂದು ಕೋಣೆ ಕೊಟ್ಟಿದ್ದರು. ಹಿಂದೆ ಅದು ಗೊಬ್ಬರ ತುಂಬುತ್ತಿದ್ದ ಗೋಡೌನು. ಎಷ್ಟು ಸಲ ತೊಳೆಸಿದರೂ ಗೋಡೆಯ ಬುಡದಿಂದ ಯೂರಿಯಾದ ಘಾಟು ಹೋಗಲಿಲ್ಲ. ಅಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿ, ವಾರಕ್ಕೊಮ್ಮೆ ಕಾಯುತ್ತಾ ಕೂರುವುದು ನನ್ನ ಕೆಲಸವಾಗಿತ್ತು. ನಾನು ಯಳಂದೂರಿನವಳು. ಇರುವುದು ಕೊಳ್ಳೇಗಾಲದಲ್ಲಿ. ಮನಸ್ಸಿನ ಕಾಯಿಲೆಯವರಿಗಾಗಿ ದುಡಿಯುವ ಒಂದು ಸಂಸ್ಥೆಯಲ್ಲಿ ಆಪ್ತ ಸಮಾಲೋಚಕಿ. ಆಸ್ಪತ್ರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು ಸ್ವಲ್ಪ ನೆಟ್ಟಗಾದವರನ್ನು ನನ್ನ ಹತ್ತಿರ ಕಳಿಸುತ್ತಿದ್ದರು. ಅವರು ಒಂದು ಗಂಟೆ ಹೊತ್ತು ಒಟ್ಟಿಗೆ ಕೂತು, ಅವರವರ ಪಾಡನ್ನು ಅವರವರೇ ಹೇಳಿಕೊಳ್ಳಬೇಕು. ಕಾಗದದಲ್ಲಿ ಇದಕ್ಕೆ ಗುಂಪು ಚಿಕಿತ್ಸೆ ಎಂದು ಹೆಸರು. ಬರುವವರು ಮಾತ್ರ ಮೀಟಿಂಗು ಎನ್ನುತ್ತಿದ್ದರು.

ಮೊದಲು ಮೀಟಿಂಗು ನಡೆಯುತ್ತಿದ್ದುದು ಸಂತೆಯ ದಿನ. ನನಗಿಂತ ಮುಂಚೆ ಇದ್ದವರು ಯಾಕೆ ಆ ದಿನ ಇಟ್ಟಿದ್ದರೋ ನಾನು ಕೇಳಲಿಲ್ಲ. ಅವರಿಗೆ ಬುದ್ಧಿಯಿಲ್ಲ ಎಂದುಕೊಂಡೆ. ನನಗೆ ಹೀಗೆ ಅಂದುಕೊಳ್ಳುವ ಚಾಳಿ ಮೊದಲಿನಿಂದಲೂ ಇದೆ.

ಸಂತೆ ದಿನದ ಮೀಟಿಂಗಿನ ಕಷ್ಟ ನನಗೆ ಗೊತ್ತು. ಗೋಡೆಯ ಆಚೆ ಟೊಮೆಟೊ ಮಾರುವವನ ಮೈಕು. ಒಬ್ಬರು ಕಣ್ಣೀರು ಹಾಕುತ್ತಾ ಏನೋ ಹೇಳುತ್ತಿದ್ದರೆ ಇವನು ‘ಬನ್ನಿ ಬನ್ನಿ, ಎರಡು ಕೆಜಿ ಐವತ್ತು’ ಎಂದು ಕೂಗುತ್ತಿದ್ದ. ಬರುವವರೂ ನೆಟ್ಟಗೆ ಬರುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಚೀಲ. ಬಂದವರೇ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಚೀಲದಲ್ಲಿ ಅವರೆಕಾಯಿ, ಕೊತ್ತಂಬರಿ ಸೊಪ್ಪು, ಒಂದೊಂದು ಸಲ ಒಣಮೀನು. ಒಮ್ಮೆ ಯಾರದೋ ಚೀಲ ಜಾರಿ ಬದನೆಕಾಯಿಗಳು ದುಂಡಗೆ ಹಾಕಿದ್ದ ಕುರ್ಚಿಗಳ ನಡುವೆಲ್ಲ ಉರುಳಿದವು. ಎಲ್ಲರೂ ಬಗ್ಗಿ ಹೆಕ್ಕುತ್ತಾ ನಕ್ಕರು. ನಾನು ನಗಲಿಲ್ಲ.

‘ನೀವು ಸಂತೆಗೆ ಬರ್ತೀರೋ ಇಲ್ಲಿಗೆ ಬರ್ತೀರೋ?’ ಎಂದು ಕೇಳಿದೆ.

ಅವತ್ತಿನಿಂದ ಚೀಲಗಳನ್ನು ಒಳಗೆ ತರಬಾರದು, ಬಾಗಿಲಾಚೆ ಗೋಡೆಗೆ ಒರಗಿಸಿ ಬರಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಪಾಪ, ಹಾಗೇ ಮಾಡಿದರು. ಆದರೆ ಸಂತೆಯ ಮೇಕೆಗಳು ಸೊಪ್ಪಿಗೆ ಬಾಯಿ ಹಾಕಿಯಾವೆಂದು ಎಲ್ಲರ ಕಣ್ಣೂ ಬಾಗಿಲ ಕಡೆಗೇ ಇರುತ್ತಿತ್ತು.

ಅವರಲ್ಲಿ ಒಬ್ಬಳ ವಿಷಯ ಹೇಳಬೇಕು. ಇದನ್ನು ಬರೆಯಲು ಕೂತಿದ್ದೇ ಅವಳಿಗಾಗಿ. ಹೂಗ್ಯಂ ಕಡೆಯ, ಕಾಡಿಗೆ ಅಂಟಿಕೊಂಡ ಒಂದು ಹಳ್ಳಿಯವಳು. ಮೂವತ್ತರ ಆಸುಪಾಸು. ಒಬ್ಬ ಮಗಳಿದ್ದಳು, ಶಾಲೆಗೆ ಹೋಗುತ್ತಿದ್ದಳು. ಎರಡನೆಯ ಹೆರಿಗೆಯಾದ ಮೂರನೇ ದಿನಕ್ಕೆ ಕೂಸು ಹೋಯಿತು. ಅದಾದ ಮೇಲೆ ಇವಳು ಮಾತು ಬಿಟ್ಟಳು. ಮನೆಗೆಲಸ ಮಾಡುವಳು, ಹೊಲಕ್ಕೆ ಹೋಗುವಳು, ಕರೆದರೆ ತಿರುಗಿ ನೋಡುವಳು. ಮಾತು ಮಾತ್ರ ಇಲ್ಲ. ದೇವರು, ಅಂತ್ರ ತಾಯತ, ನಲವತ್ತೆಂಟು ದಿನದ ಪಥ್ಯ ಎಲ್ಲ ಮುಗಿಸಿ ಕೊನೆಗೆ ಆಸ್ಪತ್ರೆಗೆ ಬಂದಿದ್ದರು. ಮಾತ್ರೆಯಿಂದ ನಿದ್ದೆ ಬಂತು, ಊಟ ಸೇರಿತು, ಬಾಯಿ ಬಿಡಲಿಲ್ಲ. ಹಾಗಾಗಿ ನನ್ನ ದುಂಡು ಕುರ್ಚಿಗಳಿಗೆ ಬಂದಳು.

ಎರಡು ತಿಂಗಳು ಅವಳು ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಎದ್ದು ಹೋಗುತ್ತಿದ್ದಳು. ಹನೂರಿನವರೇ ಆದ ಒಬ್ಬ ಮುದುಕರು ನಮ್ಮ ಗುಂಪಿನಲ್ಲಿದ್ದರು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಒಂದು ವಾರ ಅವರು, ಸತ್ತ ಹೆಂಡತಿಗೂ ಸೇರಿಸಿ ಎರಡು ಲೋಟ ಕಾಫಿ ಮಾಡಿಬಿಡುತ್ತೇನೆ, ಆಮೇಲೆ ಎರಡನ್ನೂ ನಾನೇ ಕುಡಿಯುತ್ತೇನೆ ಎಂದು ಹೇಳಿ ನಕ್ಕರು. ಬಾಗಿಲ ಹತ್ತಿರದಿಂದ ಒಂದು ದನಿ ಬಂತು.

‘ನಂಗೂ ಅಂಗೇ ಆಯ್ತದೆ.’

ನಾವೆಲ್ಲ ತಿರುಗಿ ನೋಡಿದೆವು. ಮುದುಕರು ಜಾಣರು. ಏನೂ ಆಗದವರಂತೆ, ‘ಎಂಗವ್ವಾ?’ ಎಂದರು.

‘ಈಗ್ಲೂ ಒತ್ತಾರೆ ಒಂದ್ ಚೊಂಬು ನೀರ ಎಚ್ಗೆ ಕಾಯಿಸ್ತೀನಿ. ಕೂಸಿಗೆ ಉಯ್ಯಕ್ಕೆ ಅಂತ. ಆಮ್ಯಾಲ್ ಗ್ಯಾನ ಬತ್ತದೆ.’

ಅಷ್ಟು ಹೇಳಿ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. ಅವತ್ತು ಕೊಳ್ಳೇಗಾಲದ ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಕೂತಿದ್ದೆ. ಆಮೇಲಿನ ವಾರಗಳಲ್ಲಿ ಅವಳು ಒಂದೊಂದೇ ಮಾತು ಸೇರಿಸಿದಳು. ಮುದ್ದೆಗೆ ಹಿಟ್ಟು ತೊಳಸುತ್ತಾ ನಿಂತುಬಿಡುವುದು, ಕೂಸಿನ ಬಟ್ಟೆ ಯಾರೋ ಎತ್ತಿಟ್ಟಿದ್ದು, ಎಲ್ಲಿಟ್ಟರು ಎಂದು ಕೇಳಲು ಆಗದ್ದು. ಮನೆಯಲ್ಲಿ ಇನ್ನೂ ಮಾತಾಡುತ್ತಿರಲಿಲ್ಲ. ನಮ್ಮ ಗೊಬ್ಬರದ ಕೋಣೆಯಲ್ಲಿ ಮಾತ್ರ. ಇಲ್ಲಿ ಬಂದ ಮಾತು ಮೆಲ್ಲಗೆ ಮನೆಯ ತನಕ ಹೋಗುತ್ತದೆ, ತಪ್ಪದೆ ಬರಬೇಕು ಅಷ್ಟೆ ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಅತ್ತೆ ಇದ್ದಾಳೆ ಎಂದು ಫೈಲಿನಲ್ಲಿ ಓದಿದ್ದೆ. ಸೊಸೆಯ ಬಾಯಿ ಕಟ್ಟಿಸಿದವಳು ಇವಳೇ ಇರಬೇಕು ಎಂದು, ಮುಖವನ್ನೇ ನೋಡದ ಆ ಹೆಂಗಸಿನ ಮೇಲೆ ನನಗೆ ಕೋಪ ಬೆಳೆದಿತ್ತು.

ಅವಳ ಕೈಯಲ್ಲೂ ಒಂದು ಚೀಲವಿರುತ್ತಿತ್ತು. ನೀಲಿ ಹಸಿರು ಗೆರೆಗಳ ಪ್ಲಾಸ್ಟಿಕ್ ವಯರಿನ ಚೀಲ. ಮೊದಲು ಸಂತೆಗೆ ಹೋಗಿ ಕಾಲು ಕೆಜಿ ಈರುಳ್ಳಿಯನ್ನಾದರೂ ಹಾಕಿಕೊಂಡೇ ಮೀಟಿಂಗಿಗೆ ಬರುತ್ತಿದ್ದಳು. ಅದರಿಂದ ಹತ್ತು ನಿಮಿಷ ತಡ. ಹೂಗ್ಯಂ ಬಸ್ಸು ತಪ್ಪಿದರೆ ಕತ್ತಲಲ್ಲಿ ಆನೆ ತಿರುಗುವ ದಾರಿ, ಹಾಗಾಗಿ ಹತ್ತು ನಿಮಿಷ ಮುಂಚೆ ಏಳುವಳು. ಒಂದು ಗಂಟೆಯಲ್ಲಿ ನನಗೆ ಸಿಗುತ್ತಿದ್ದುದು ನಲವತ್ತು ನಿಮಿಷ. ಮಾತು ಬರುವುದೇ ಕೊನೆಯಲ್ಲಿ, ಆಗ ಎದ್ದುಬಿಡುತ್ತಾಳಲ್ಲ ಎಂದು ನನ್ನ ಜೀವ ಒದ್ದಾಡುತ್ತಿತ್ತು. ಈರುಳ್ಳಿಯ ಮೇಲೆ ನನಗೆ ಹೊಟ್ಟೆಕಿಚ್ಚು ಅಂದರೂ ಸರಿಯೇ.

ಹೀಗೆ ನನ್ನ ತಲೆಗೆ ಸೋಮವಾರ ಹೊಳೆಯಿತು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಅಜ್ಜಂದಿರ ಕಾಲದ ರೂಢಿ, ಟ್ರ್ಯಾಕ್ಟರು ಬಂದ ಮೇಲೂ ಎಷ್ಟೋ ಊರುಗಳಲ್ಲಿ ಬಿಟ್ಟಿಲ್ಲ. ಅವತ್ತು ಉಳುಮೆಯಿಲ್ಲ, ಗಾಡಿಯಿಲ್ಲ, ಕೂಲಿಗೆ ಕರೆಯುವವರೂ ಕಡಿಮೆ. ಜನಕ್ಕೆ ಬಿಡುವು, ಸಂತೆಯ ಗಲಾಟೆಯಿಲ್ಲ, ಬಸ್ಸು ಖಾಲಿ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಚಾರ್ಜಿಗೆ ದುಡ್ಡಿಲ್ಲ ಎಂಬ ಮಾತೂ ನಿಂತಿತ್ತು. ಕೊಳ್ಳೇಗಾಲದ ಆಫೀಸಿನಲ್ಲಿ ಹೇಳಿದಾಗ ಮೇಲಿನವರು ಬೆನ್ನು ತಟ್ಟಿದರು. ಇಲ್ಲಿಯವಳಾದ್ದರಿಂದ ಇಲ್ಲಿಯ ರೂಢಿ ನಿಮಗೆ ಗೊತ್ತು ಎಂದರು. ನಾನೂ ಉಬ್ಬಿದೆ.

ಮುಂದಿನ ವಾರದಿಂದ ಸೋಮವಾರ ಎಂದು ಗುಂಪಿಗೆ ಹೇಳಿದೆ. ಯಾರೂ ಬೇಡ ಎನ್ನಲಿಲ್ಲ. ‘ಆಗ್ಲಿ ಬುಡಿ ಮೇಡಮ್ಮೋರೆ’ ಎಂದರು. ನಮ್ಮ ಕಡೆ ‘ಆಗ್ಲಿ ಬುಡಿ’ ಅಂದರೆ ಒಪ್ಪಿದರು ಎಂದೇನೂ ಅಲ್ಲ. ಎದುರು ಮಾತಾಡಿ ಯಾಕೆ ನಿಷ್ಠುರವಾಗಬೇಕು ಅಂತಷ್ಟೇ. ಐವತ್ತು ವರ್ಷ ಈ ಮಣ್ಣಿನಲ್ಲೇ ಬದುಕಿದ ನನಗೆ ಅದು ಗೊತ್ತಿರಬೇಕಿತ್ತು. ಆ ಮುದುಕರು ಮಾತ್ರ ತಲೆ ಕೆರೆದುಕೊಂಡು, ‘ಸ್ವಾಮಾರ ಜನ್ವೆಲ್ಲ ಊರಲ್ಲೇ ಇರ್ತರಲ್ಲವ್ವ’ ಎಂದರು.

‘ಅದಕ್ಕೇ ಅಲ್ವಾ ಯಜಮಾನ್ರೆ ಸೋಮವಾರ ಇಟ್ಟಿರೋದು’ ಎಂದೆ.

ಮೊದಲ ಸೋಮವಾರ ಏಳು ಜನ ಬಂದರು. ಹೂಗ್ಯಂ ಕಡೆಯವಳೂ ಬಂದಳು. ತೊಡೆಯ ಮೇಲೆ ಅದೇ ವಯರಿನ ಚೀಲ, ಖಾಲಿ. ಖಾಲಿ ಚೀಲವೆಂದು ನಾನೂ ಹೊರಗಿಡಿಸಲಿಲ್ಲ. ಮೈಕಿಲ್ಲ, ಮೇಕೆಯಿಲ್ಲ, ಕೋಣೆ ನಿಶ್ಶಬ್ದ. ನನಗೆ ಬೇಕಿದ್ದ ಪೂರ್ತಿ ಒಂದು ಗಂಟೆ ಸಿಕ್ಕಿತು. ಅವಳು ಅಷ್ಟು ಹೊತ್ತೂ ಬಾಯಿ ಬಿಡದೆ ಚೀಲದ ಹಿಡಿಯನ್ನು ತಿರುಚುತ್ತಾ ಕೂತಿದ್ದಳು. ಎರಡನೆಯ ಸೋಮವಾರ ಅವಳು ಬರಲಿಲ್ಲ. ನಾಲ್ಕು ಜನ ಬಂದರು. ಮೂರನೆಯದಕ್ಕೆ ಇಬ್ಬರು.

ನಾನು ಫೋನು ಹಚ್ಚಿದೆ. ಅವಳ ಹೆಸರಿನ ಮುಂದೆ ಇದ್ದುದು ಗಂಡನ ನಂಬರು. ಅವನು ಲಾರಿಯ ಮೇಲೆ ತಮಿಳುನಾಡಿನ ಕಡೆ ಹೋಗುವವನು. ‘ಬತ್ತಾಳೆ ಬುಡಿ ಮೇಡಂ, ಏಳ್ತೀನಿ’ ಎಂದು ಇಟ್ಟುಬಿಟ್ಟ. ಬೇರೆಯವರೂ ಹಾಗೆಯೇ. ಬಿಡುವಿಲ್ಲ ಎಂದರು. ಎತ್ತಿಗೂ ಬಿಡುವಿರುವ ದಿನ ಇವರಿಗಿಲ್ಲವಂತೆ! ನನ್ನ ಹತ್ತಿರ ಒಂದು ಫಾರಂ ಇತ್ತು. ಬಾರದವರ ಕಾರಣ ಬರೆಯಬೇಕು. ದೂರ, ಕೆಲಸ, ಕಾಯಿಲೆ, ಇತರೆ ಎಂದು ಅಚ್ಚು ಹಾಕಿಸಿದ್ದರು. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋದವರು, ಮಾತ್ರೆಯ ಮಂಪರಿಗೆ ಮಧ್ಯಾಹ್ನ ಏಳಲಾಗದವರು, ಅಂತ್ರ ಕಟ್ಟಿಸಿಕೊಂಡು ಹೊಸಿಲು ದಾಟಬಾರದು ಎಂದವರು, ಎಲ್ಲರನ್ನೂ ‘ಇತರೆ’ಗೇ ತುಂಬುತ್ತಿದ್ದೆ. ಈಗ ಎಲ್ಲರಿಗೂ ‘ಕೆಲಸ’ ಎಂದು ಗೀಚಿದೆ. ಸಿಟ್ಟು ನೆತ್ತಿಗೇರಿತ್ತು. ಇವರಿಗಾಗಿ ಇಷ್ಟು ಒದ್ದಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದುಕೊಂಡೆ.

ನಾಲ್ಕನೆಯ ಸೋಮವಾರ ಮುದುಕರೊಬ್ಬರೇ ಬಂದರು. ಹನ್ನೆರಡು ಕುರ್ಚಿಯ ನಡುವೆ ನಾವಿಬ್ಬರು.

‘ಏನಾಗಿದೆ ಯಜಮಾನ್ರೆ ಇವರಿಗೆಲ್ಲ?’

‘ನಂಗೇನ್ ಗೊತ್ತವ್ವ. ಎಲ್ಲಿಗೋಯ್ತಿದ್ದೀಯ ಅಂತ ನನ್ನ ಕೇಳೋರ್ಯಾರವ್ರೆ? ಅದ್ಕೇ ಬತ್ತೀನಿ.’

ಅದರಲ್ಲೇ ಉತ್ತರವಿತ್ತು. ನನಗೆ ಕೇಳಿಸಿಕೊಳ್ಳುವ ವ್ಯವಧಾನವಿರಲಿಲ್ಲ. ಕೇಳಿಸಿಕೊಳ್ಳುವುದೇ ನನ್ನ ಕಸುಬು, ಅದಕ್ಕೇ ಸಂಬಳ. ಬಾಗಿಲಿಗೆ ಬೀಗ ಹಾಕಿ, ಅವಳನ್ನು ನಾನೇ ಹೋಗಿ ಕೇಳುತ್ತೇನೆ ಎಂದು ಹೂಗ್ಯಂ ಬಸ್ಸು ಹತ್ತಿದೆ.

ಅವಳ ಊರಿನ ಸ್ಟಾಪಿನಲ್ಲಿ ಇಳಿದಾಗ ಮಧ್ಯಾಹ್ನ ಎರಡು ದಾಟಿತ್ತು. ಇಡೀ ಊರು ಜಗಲಿಯ ಮೇಲಿತ್ತು. ಅರಳಿಕಟ್ಟೆಯಲ್ಲಿ ಗಂಡಸರು ಗೆರೆ ಎಳೆದು ಕಲ್ಲಾಡುತ್ತಿದ್ದರು. ಮೈ ತೊಳೆಸಿಕೊಂಡ ಎತ್ತುಗಳು ಹುಣಸೆಮರದ ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಹೆಂಗಸರು ಮೊರದಲ್ಲಿ ರಾಗಿ ಹಸನು ಮಾಡುತ್ತಾ, ಒಬ್ಬರ ತಲೆ ಒಬ್ಬರು ನೋಡುತ್ತಾ ಸಾಲಾಗಿ ಕೂತಿದ್ದರು. ಬೇರೆ ದಿನ ಬಂದಿದ್ದರೆ ಆ ಬೀದಿಯಲ್ಲಿ ಒಂದೆರಡು ನಾಯಿ, ಹಾಸಿಗೆ ಹಿಡಿದ ಮುದುಕರು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ನಾನು ನಡೆದಂತೆ ಮೊರದ ಸದ್ದು ಒಂದೊಂದಾಗಿ ನಿಂತಿತು.

‘ಯಾರಟ್ಟಿಗೆ ಬಂದ್ರವ್ವಾ?’ ಎಂದು ಒಬ್ಬಳು ಕೇಳಿದಳು.

ನಾನು ಅವಳ ಗಂಡನ ಹೆಸರು ಹೇಳಿ, ಅವರ ಮನೆ ಎಲ್ಲಿ ಎಂದೆ. ಕಾಡಿನ ಕಡೆಯ ಕೊನೆಯ ಮನೆ ಎಂದು ಕೈ ತೋರಿಸಿದರು. ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ನನ್ನ ಹೆಗಲಿನಲ್ಲಿ ಸಂಸ್ಥೆಯವರು ಕೊಟ್ಟ ಬಟ್ಟೆಯ ಚೀಲವಿತ್ತು. ದಿನಾ ಹಾಕಿಕೊಂಡು ಹಾಕಿಕೊಂಡು ಅದರ ಮೇಲೆ ಅಕ್ಷರಗಳಿವೆ ಎಂಬುದೇ ನನಗೆ ಮರೆತುಹೋಗಿತ್ತು. ಕಟ್ಟೆಯ ಮೇಲಿದ್ದ ನಡುವಯಸ್ಸಿನ ಒಬ್ಬ ಕಣ್ಣು ಕಿರಿದು ಮಾಡಿ, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ.

‘ಮನಸ್ಸಿನ ಕಾಯಿಲೆ… ಮುಚ್ಚಿಡಬೇಡಿ…’

‘ಓ, ಅದ್ಕಾ’ ಎಂದಳು ಮೊರದವಳು.

ನಾನು ಚೀಲದ ಅಕ್ಷರವನ್ನು ಮೈ ಕಡೆಗೆ ತಿರುಗಿಸಿಕೊಂಡೆ. ಅಷ್ಟರಲ್ಲಿ ಓದಿ ಆಗಿತ್ತು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಸಣ್ಣಗೆ, ಕಪ್ಪಗೆ, ಕಿವಿಯ ತೂತು ಜೋತುಬಿದ್ದ ಹೆಂಗಸು. ನನ್ನನ್ನು ಕಂಡವಳೇ, ‘ಅವ್ಳಿಲ್ಲ ಕಣವ್ವ, ತವ್ರಿಗೋಗವ್ಳೆ’ ಎಂದಳು. ಅವಳ ಹೆಗಲಾಚೆ ಒಲೆಯ ಮುಂದೆ ಒಂದು ಬೆನ್ನು ಕಾಣುತ್ತಿತ್ತು. ಆ ಬೆನ್ನು ನನಗೆ ಗುರುತು. ಒಳಗೋಡೆಯ ಮೊಳೆಯಲ್ಲಿ ವಯರಿನ ಚೀಲ ನೇತಾಡುತ್ತಿತ್ತು. ಮೂರು ವಾರದ ಸಿಟ್ಟು ನನ್ನ ಬಾಯಿಗೆ ಬಂತು.

‘ಸುಳ್ಳು ಯಾಕೆ ಹೇಳ್ತೀರಾ? ಒಳಗೇ ಇದ್ದಾಳೆ. ನೀವೇ ತಾನೇ ಹಿಡಿದಿಟ್ಟುಕೊಂಡಿರೋದು? ಬಾಯಿ ಬಿಡ್ತಾ ಇದ್ದಳು ಪಾಪ, ನಿಮಗದು ಬೇಡವಾಯ್ತಾ?’

ಅವಳು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಕದ ಹಾಕಿದಳು. ಹೊಡೆಯುತ್ತಾಳೋ ಏನೋ ಎಂದು ಒಂದು ಗಳಿಗೆ ಹೆದರಿದೆ. ಅವಳು ದನಿ ತಗ್ಗಿಸಿ, ‘ಮೆಲ್ಲುಕ್ ಮಾತಾಡವ್ವ, ನಿನ್ ದಮ್ಮಯ್ಯ’ ಎಂದಳು. ಆಮೇಲೆ ಹೇಳಿದ್ದನ್ನು ಒಂದೇ ಉಸಿರಿಗೆ ಹೇಳಿದಳು.

‘ನಾ ಮದ್ವೆ ಆಗ್ ಬಂದಾಗ್ಲಿಂದ ಸಂತೆಗೋಯ್ತಿದ್ದೋಳು ನಾನು. ವಾರಕ್ಕೊಂದ್ ದಪ ನಾ ಈಚ್ಗೆ ಬೀಳ್ತಿದ್ದುದ್ದೇ ಅದೊಂದು. ಇವ್ಳು ನಿಮ್ ಮೀಟಿಂಗ್ಗೋಗ್ಲಿ ಅಂತ ಬುಟ್ಟೆ. ಊರೋರ್ಗೆ ಮಂಡಿ ನೋವು, ಸೊಸೆ ಓಯ್ತಾಳೆ ಅಂದೆ. ಸಂತೆ ದಿನ ಬಸ್ ತುಂಬಾ ಜನ, ಚೀಲ ಇಡ್ಕಂಡು ಬಸ್ ಅತ್ತುದ್ರೆ ಯಾರ್ ಕೇಳರು? ಬರೋವಾಗ ಚೀಲ ಬರಿದಾಗಿರ್ಬಾರ್ದು, ಈರುಳ್ಳಿನಾದ್ರೂ ಆಕ್ಕಬಾ ಅಂತ ನಾನೇ ಏಳ್ಕಳಿಸ್ತಿದ್ದೆ. ನೀವು ಸ್ವಾಮಾರ ಅಂದ್ಬುಟ್ರಿ. ಸ್ವಾಮಾರ ಬಸ್ ಸ್ಟಾಪಲ್ಲಿ ನಿಂತ್ಕಂಡ್ರೆ ಊರ್ ಕಣ್ಣೆಲ್ಲ ಮೈಮ್ಯಾಗೇ. ಇವತ್ತ್ಯಾವ್ ಸಂತೆಗವ್ವಾ ಅಂದ್ರು. ಮೊಗೀಗೆ ಜರ, ಮಾತ್ರೆ ತರಕೋಯ್ತವ್ಳೆ ಅಂದೆ. ಸಾಯಂಕಾಲ ಜರ ಬಂದ ಮೊಗನ ನೋಡಕ್ಕೆ ನಾಕ್ ಜನ ಎಂಗುಸ್ರು ಬಂದ್ರು, ಮೊಗ ಬೀದೀಲಿ ಆಡ್ತಿತ್ತು. ಈಗೇನ್ ಏಳ್ಲಿ? ನಾಳೀಕೆ ಆ ಮೊಗೀನ ಒಂದ್ ಮನ್ಗೆ ಕೊಡ್ಬೇಕಲ್ಲವ್ವ, ಅವ್ವುಂಗೆ ತಲೆ ಸರಿಯಿಲ್ಲ ಅಂದ್ರೆ ಯಾರ್ ಮಾಡ್ಕಂಡರು?’

ನಾನು ಎಲ್ಲರಿಗೂ ಬಿಡುವಿರುವ ದಿನ ಹುಡುಕಿದ್ದೆ. ಎಲ್ಲರಿಗೂ ಬಿಡುವಿದ್ದರೆ ಎಲ್ಲರೂ ನೋಡುತ್ತಾರೆ ಎಂಬುದು ಹೊಳೆದಿರಲಿಲ್ಲ. ಸಂತೆಯ ಗಲಾಟೆ ಅವರನ್ನು ಮರೆಮಾಡುತ್ತಿತ್ತು. ಆ ಚೀಲಗಳನ್ನು ನಾನು ಬಾಗಿಲಾಚೆ ಇಡಿಸಿದ್ದೆ.

‘ಊರೊಳಗೆ ಬರೋವಾಗ ಯಾರಾದ್ರೂ ಏನಾದ್ರೂ ಕೇಳುದ್ರಾ?’ ಎಂದಳು ಅತ್ತೆ. ಆಮೇಲೆ ನನ್ನ ಹೆಗಲನ್ನು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ‘ಆ ಬ್ಯಾಗ್ ಮ್ಯಾಲೆ ಏನ್ ಬರ್ದದವ್ವಾ?’

ನಾನು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿ ಕೂತು, ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡಳು. ನಾನು ಒಲೆಯ ಕಡೆ ಹೋಗಿ ಸೊಸೆಯ ಹೆಸರು ಹಿಡಿದು ಕರೆದೆ. ಅವಳು ತಿರುಗಲಿಲ್ಲ. ‘ತಪ್ಪಾಯ್ತು ಕಣಮ್ಮ, ಸಂತೆ ದಿನಕ್ಕೇ ಮತ್ತೆ ಮಾಡ್ತೀನಿ’ ಎಂದೆ. ಒಲೆಯ ಪಕ್ಕ, ಮುದ್ದೆಯ ಪಾತ್ರೆಯ ಆಚೆ, ಒಂದು ಚೊಂಬಿನಲ್ಲಿ ನೀರು ಬಿಸಿಯಾಗುತ್ತಿತ್ತು. ಮುಂಚೆ ಬೆಳಗಿನ ಹೊತ್ತು ಮಾತ್ರ ಇಡುತ್ತಿದ್ದಳು. ಈಗ ಮಧ್ಯಾಹ್ನವೂ ಇಟ್ಟಿದ್ದಳು.

ಹಿಂದಿರುಗುವ ಬಸ್ಸಿನಲ್ಲಿ ನನಗೆ ನಮ್ಮಮ್ಮನ ಟ್ರಂಕು ನೆನಪಾಯಿತು. ನನ್ನ ಅಣ್ಣನಿಗೆ ಹದಿನೆಂಟು ವರ್ಷಕ್ಕೇ ತಲೆಯೊಳಗೆ ಯಾರೋ ಮಾತಾಡಲು ಶುರುವಾಗಿತ್ತು. ಯಳಂದೂರು ಎಷ್ಟು ದೊಡ್ಡ ಊರು? ಒಂದು ಬೀದಿಯಲ್ಲಿ ಸೀನಿದರೆ ಇನ್ನೊಂದು ಬೀದಿಯವರು ಆರೋಗ್ಯ ವಿಚಾರಿಸುತ್ತಾರೆ. ಅಮ್ಮ ತಿಂಗಳಿಗೊಮ್ಮೆ ಅವನನ್ನು ಮೈಸೂರಿಗೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ಕೇಳಿದವರಿಗೆ, ಸೀರೆ ತರಬೇಕು, ಒಬ್ಬಳೇ ಹೆಂಗೆ ಹೋಗ್ಲಿ, ಅದಕ್ಕೆ ಮಗನ್ನ ಕರ್ಕೊಂಡು ಹೋಗ್ತೀನಿ ಎನ್ನುವಳು. ಹೇಳಿದ ಮೇಲೆ ತರಲೇಬೇಕಲ್ಲ. ಪ್ರತಿ ಸಲ ಒಂದು ಅಗ್ಗದ ಸೀರೆ ತಂದು ನೆರೆಯವರಿಗೆ ತೋರಿಸಿ ಟ್ರಂಕಿಗೆ ಹಾಕುತ್ತಿದ್ದಳು. ಅವಳು ಹೋದ ಮೇಲೆ ಟ್ರಂಕು ತೆಗೆದರೆ, ಮಡಿಕೆಯನ್ನೂ ಬಿಚ್ಚದ ಸೀರೆಗಳು ಕಂಠಮಟ್ಟ ತುಂಬಿದ್ದವು. ಅಮ್ಮನಿಗೆ ಸೀರೆಯ ಹುಚ್ಚು ಎಂದು ನಾವು ಮಕ್ಕಳು ಎಷ್ಟು ಆಡಿಕೊಂಡಿದ್ದೆವು. ಆ ಮನೆಯಲ್ಲಿ ಬೆಳೆದವಳು ನಾನು. ಈರುಳ್ಳಿ ಕಂಡರೆ ನನಗೆ ಅರ್ಥವಾಗಬೇಕಿತ್ತು. ಓದು, ತರಬೇತಿ, ಸರ್ಟಿಫಿಕೇಟು ಎಲ್ಲ ಆದ ಮೇಲೆ ಅಮ್ಮನಿಗಿದ್ದಷ್ಟು ಬುದ್ಧಿ ನನಗೆ ಉಳಿದಿರಲಿಲ್ಲ. ಬಸ್ಸಿನಲ್ಲಿ ಸೆರಗು ಮುಖಕ್ಕೆ ಹಾಕಿಕೊಂಡು ಅಳತೊಡಗಿದೆ. ಆ ಅಳು ಒಲೆಯ ಮುಂದಿನವಳಿಗಾಗಿಯೋ ಅಮ್ಮನಿಗಾಗಿಯೋ ಗೊತ್ತಿಲ್ಲ.

ಮರುವಾರವೇ ಮೀಟಿಂಗನ್ನು ಸಂತೆ ದಿನಕ್ಕೆ ವಾಪಸು ತಂದೆ. ಆಫೀಸಿನಲ್ಲಿ ಜಗಳವಾಡಿ ಆ ಅಕ್ಷರದ ಚೀಲವನ್ನು ಅಲ್ಲೇ ಬಿಟ್ಟು ಬಂದೆ. ಒಬ್ಬೊಬ್ಬರಿಗೂ ಫೋನು ಮಾಡಿ, ಚೀಲ ತನ್ನಿ, ಒಳಕ್ಕೇ ತನ್ನಿ ಎಂದೆ. ಮೊದಲು ಐದು ಜನ ಬಂದರು, ಆಮೇಲೆ ಎಂಟಾಯಿತು. ಯಾರೂ ಹಳೆಯದನ್ನು ಎತ್ತಲಿಲ್ಲ. ಮತ್ತೆ ಕೊತ್ತಂಬರಿ ವಾಸನೆ, ಮತ್ತೆ ಮೈಕು. ಬಾಗಿಲ ಹತ್ತಿರದ ಕುರ್ಚಿ ಮಾತ್ರ ಖಾಲಿ. ಮುದುಕರು ಬರುವಾಗಲೊಮ್ಮೆ ಹೋಗುವಾಗಲೊಮ್ಮೆ ಆ ಕುರ್ಚಿಯನ್ನು ನೋಡುತ್ತಿದ್ದರು.

ಮೂರನೆಯ ವಾರ ಆ ಕುರ್ಚಿಗೆ ಜನ ಬಂತು. ಅತ್ತೆ. ಕೈಯಲ್ಲಿ ವಯರಿನ ಚೀಲ.

‘ಅವ್ಳು ಬರಾಕಿಲ್ಲ ಅಂತಾಳೆ. ಅಂತಾಳೆ ಅಂದ್ರೆ ಬಾಯ್ಬುಟ್ಟು ಅಲ್ಲ, ತಲೆ ಆಡುಸ್ತಾಳೆ. ಸ್ಟಾಪಿಗೋದ್ರೆ ಸಂತೆಗಾ ಮೀಟಿಂಗ್ಗಾ ಅಂತ ಕೇಳ್ತರಂತೆ, ನಗ್ತರಂತೆ. ನಾ ಬಂದ್ ಕೂತ್ಕಂಡ್ರೆ ಆದದಾ ಮೇಡಮ್ಮ, ಅವ್ಳ ಬದ್ಲಿಗೆ?’

ಆಗದು. ರೋಗಿಯ ಬದಲು ಇನ್ನೊಬ್ಬರು ಕೂರುವಂತಿಲ್ಲ. ಇಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಗುಂಪಿನವರ ಮುಖ ನೋಡಿದೆ. ಮುದುಕರು, ‘ಕೂತ್ಕಳ್ಲಿ ಬುಡವ್ವ’ ಎಂದರು. ಉಳಿದವರೂ ತಲೆಯಾಡಿಸಿದರು. ಕೂರಿಸಿಕೊಂಡೆ. ಅವಳು ಏನನ್ನೂ ಮಾತಾಡದೆ, ಬೇರೆಯವರು ಹೇಳುವುದನ್ನು ಗಲ್ಲಕ್ಕೆ ಕೈಕೊಟ್ಟು ಕೇಳಿ, ಮನೆಗೆ ಹೋಗಿ ಸೊಸೆಗೆ ಒಪ್ಪಿಸುತ್ತಿದ್ದಳಂತೆ. ಮುದುಕರು ಅವಳಿಗೆಂದೇ ತಮ್ಮ ಎರಡು ಲೋಟದ ಕಥೆಯನ್ನು ಮತ್ತೊಮ್ಮೆ ಹೇಳಿದರು.

‘ಕೇಳ್ತಾಳಾ?’ ಎಂದು ಒಂದು ದಿನ ಬಸ್ಸಿನ ಹತ್ತಿರ ಕೇಳಿದೆ.

‘ಕೇಳ್ತಾಳೆ. ನೀರ್ ಕಾಯಿಸ್ತಾ ಕೇಳ್ತಾಳೆ. ಉತ್ರ ಇಲ್ಲ.’

ಹೀಗೆ ಐದು ವಾರ ಬಂದಳು. ಆಮೇಲೆ ಅವಳೂ ಬರಲಿಲ್ಲ. ತಿಂಗಳ ಕೊನೆಯಲ್ಲಿ ಆಫೀಸಿಗೆ ಫಾರಂ ಕಳಿಸಬೇಕಿತ್ತು. ಸೊಸೆಯ ಹೆಸರಿನ ಮುಂದೆ ಬಾರದ ಕಾರಣ ಬರೆಯಬೇಕು. ದೂರ ಅಲ್ಲ, ಕೆಲಸ ಅಲ್ಲ, ಕಾಯಿಲೆ ಅಲ್ಲ. ‘ಇತರೆ’ ಎಂಬಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಅವರ ಮನೆಗೆ ನಾನು ಹೋಗಿದ್ದೆ’ ಎಂದು ಬರೆದೆ. ಆಫೀಸಿನವರು ಅದನ್ನು ಮನೆ ಭೇಟಿ ಎಂದು ಓದಿಕೊಂಡು ಒಳ್ಳೆಯ ಕೆಲಸ ಎಂದು ಟಿಕ್ ಹಾಕಿ ಕಳಿಸಿದರು.

ಕಾರ್ತಿಕ ಕಳೆದ ಮೇಲೆ ಒಂದು ಸಂತೆ ದಿನ, ಕೋಣೆಯ ಬಾಗಿಲು ತೆಗೆಯುವ ಮುಂಚೆ ಮಾಳದಲ್ಲಿ ಹಾದು ಬರುತ್ತಿದ್ದೆ. ಹಸಿಮೆಣಸಿನಕಾಯಿಯ ರಾಶಿಯ ಮುಂದೆ ಆ ಅತ್ತೆ ಕೂತಿದ್ದಳು. ಒಂದೊಂದೇ ಕಾಯಿ ಆರಿಸಿ ತಕ್ಕಡಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ವಯರಿನ ಚೀಲ, ಬಾಯಿಯ ತನಕ ತುಂಬಿತ್ತು.

‘ಬನ್ನಿ ಅವ್ವ, ಇನ್ನೂ ಶುರುವಾಗಿಲ್ಲ’ ಎಂದೆ.

ಅವಳು ತಲೆ ಎತ್ತಿ ನೋಡಿದಳು. ಕೋಪವಿರಲಿಲ್ಲ.

‘ಸೊಸೆ ಹೇಗಿದ್ದಾಳೆ?’

‘ಅವ್ಳೆ’ ಎಂದಳು. ಇದ್ದಾಳೆ ಎಂದಷ್ಟೆ. ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದಳು. ನಾನು ಇನ್ನೂ ನಿಂತೇ ಇದ್ದುದನ್ನು ಕಂಡು, ನನಗೆ ಸಮಾಧಾನ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು.

‘ನೀ ಓಗವ್ವ, ನಿಂಗೆ ಒತ್ತಾಯ್ತದೆ. ಇವತ್ತ್ ನಾನು ನಿಜ್ವಾಗ್ಲೂ ಸಂತೆಗೇ ಬಂದಿವ್ನಿ.’